ಅಣ್ಣನೊಲೆ ದಿಬ್ಬ

ಹಿರೇಮುಳಗಟ್ಟಿಯಿಂದ ಮೂಡಣಕ್ಕೆ ಹೊರಟ ಡಾಂಬರು ರಸ್ತೆ ಊರ ಕೆರೆಯ ಕೋಡಿ ದಾಟಿದ ಕೂಡಲೇ ಬಲಗಡೆಗೆ ಒಂದು ದಿಬ್ಬ ಕಾಣುತ್ತದೆ. ದಿಬ್ಬವೆಂದರೆ ದೊಡ್ಡದೇನೂ ಅಲ್ಲ, ಹತ್ತಿ ಇಳಿಯುವುದರೊಳಗೆ ಹಚ್ಚಿದ ಬೀಡಿ ಕೂಡ ಮುಗಿಯುವುದಿಲ್ಲ. ಮೇಲೊಂದು ಬನ್ನಿ ಮರ, ಮರದ ಬುಡದಲ್ಲಿ ಮಸಿ ಹಿಡಿದ ಮೂರು ಕಲ್ಲು. ಗುಡಿಯಿಲ್ಲ, ಗಂಟೆಯಿಲ್ಲ, ಹುಂಡಿಯಂತೂ ಇಲ್ಲವೇ ಇಲ್ಲ. ಹೊಸದಾಗಿ ಬಂದವರು ಇದು ಯಾವ ದೇವರ ಸ್ಥಾನ ಎಂದು ಕೇಳುತ್ತಾರೆ. ದೇವರಲ್ಲ, ಅಣ್ಣನೊಲೆ ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಓದಿದವರು ಕೆಲವರು, ಪಾಂಡವರು ವನವಾಸದಲ್ಲಿ ಇಲ್ಲಿ ಒಲೆ ಹೂಡಿದ್ದರು, ಅಣ್ಣನೆಂದರೆ ಧರ್ಮರಾಯ, ಅಡುಗೆ ಮಾಡಿದವನು ಭೀಮ ಎಂದು ಬರೆದೂ ಇಟ್ಟಿದ್ದಾರೆ. ನಮ್ಮ ನಾಡಿನಲ್ಲಿ ಮೂರು ಕಲ್ಲು ಕಂಡಲ್ಲೆಲ್ಲ ಭೀಮ ಅಡುಗೆ ಮಾಡಿದ್ದಾನೆ. ಪಾಪ, ಅವನಿಗೆ ಯುದ್ಧಕ್ಕೆ ಯಾವಾಗ ಪುರುಸೊತ್ತಾಯಿತೋ! ಊರಿನ ಹಿರಿಯರು ಹೇಳುವ ಸಂಗತಿ ಬೇರೆ. ಅದರಲ್ಲಿ ರಾಜನಿಲ್ಲ, ಋಷಿಯಿಲ್ಲ. ಮಾಳವ್ವ ಎಂಬ ಒಬ್ಬ ಒಕ್ಕಲಗಿತ್ತಿ ಇದ್ದಾಳೆ.

ಹಿಂದೆ ಒಮ್ಮೆ, ಪಡುವಣ ಕಡಲಿನ ರೇವಿನಲ್ಲಿ ಇಳಿದ ಕುದುರೆಗಳು ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದ ಕಾಲದಲ್ಲಿ, ಈ ಮಾಳವ್ವನ ಮಗಳು ಜ್ವರದಲ್ಲಿ ತೀರಿಕೊಂಡಳು. ಒಬ್ಬಳೇ ಮಗಳು, ಹೊನ್ನಿ ಎಂದು ಹೆಸರು. ಮಾಳವ್ವ ಅಳಲಿಲ್ಲ. ಎದೆ ಬಡಿದುಕೊಳ್ಳಲಿಲ್ಲ, ಹಾಡಿಕೊಂಡು ಅಳುವ ಹೆಂಗಸರ ನಡುವೆ ಬಾಯಿ ತೆರೆಯಲಿಲ್ಲ. ಮಣ್ಣು ಮಾಡಿ ಬಂದವರಿಗೆ ಕಾಲು ತೊಳೆಯಲು ನೀರು ಕೊಟ್ಟಳು, ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಳು, ಅಲ್ಲಿಂದ ಏಳಲಿಲ್ಲ. ಮೈಮೇಲೆ ನೊಣ ಕೂತರೂ ಕೈ ಎತ್ತುತ್ತಿರಲಿಲ್ಲ. ಕಂಬ ಬೆನ್ನಿಗೆ ಒತ್ತುವುದೂ ಗೊತ್ತಾಗುತ್ತಿರಲಿಲ್ಲ. ಮಗಳ ಮುಖ ನೆನಪಿಗೆ ಬರಲಿ ಎಂದು ಕಣ್ಣು ಮುಚ್ಚಿದರೆ ಬರೀ ಕಪ್ಪು. ಅದಕ್ಕಾದರೂ ದುಃಖವಾಗಬೇಕಿತ್ತು, ಅದೂ ಆಗಲಿಲ್ಲ. ತಾನೂ ಹೊನ್ನಿಯ ಜೊತೆಗೇ ಹೋಗಿಬಿಟ್ಟಿದ್ದೇನೆ, ಇವರಿಗೆ ಇನ್ನೂ ತಿಳಿದಿಲ್ಲ ಅಷ್ಟೆ ಎಂದು ಅವಳಿಗೆ ಅನಿಸುತ್ತಿತ್ತಂತೆ.

ಈ ಸೀಮೆಯಲ್ಲಿ ಸಾವಾದ ಮನೆಯ ಒಲೆ ಸೂತಕ ಕಳೆಯುವ ತನಕ ಹೊತ್ತುವಂತಿಲ್ಲ. ನೆಂಟರು, ಓಣಿಯವರು ಬುತ್ತಿ ತಂದು ಉಣಿಸುತ್ತಾರೆ. ಆದರೆ ಮಗುವನ್ನು ಕಳೆದುಕೊಂಡ ತಾಯಿಯ ಮಾತು ಬೇರೆ. ಅವಳ ಬಾಯಿಗೆ ಮೊದಲ ತುತ್ತು ಬೀಳಬೇಕಾದದ್ದು ತವರಿನವರ ಕೈಯಿಂದ. ಅಣ್ಣನೋ ತಮ್ಮನೋ ಬುತ್ತಿ ತಂದು, ಹೊಸ್ತಿಲಾಚೆ ರುಮಾಲು ಬಿಚ್ಚಿ, ಬರಿದಲೆಯಲ್ಲಿ, ಎರಡೂ ಕೈಯಲ್ಲಿ ಬುತ್ತಿ ಹಿಡಿದು ಮಾತಿಲ್ಲದೆ ನಿಲ್ಲಬೇಕು. ಒಳಗಿನಿಂದ ಅವಳು ಕರೆದ ಮೇಲೆ ಬಂದು ತುತ್ತು ಹಾಕಬೇಕು. ಅಲ್ಲಿಯತನಕ ಅವಳು ಉಪವಾಸ. ಮಾಳವ್ವನ ತವರು ಹಿಂದಿನ ವರ್ಷದ ಬೇನೆಯಲ್ಲಿ ಅಳಿಸಿ ಹೋಗಿತ್ತು. ಅಪ್ಪ, ಅವ್ವ, ಇಬ್ಬರು ಅಣ್ಣಂದಿರು ಎಲ್ಲರೂ ಒಂದೇ ಹಂಗಾಮಿನಲ್ಲಿ ಹೋದರು. ಮನೆಗೆ ಬಾಗಿಲೂ ಉಳಿದಿರಲಿಲ್ಲ. ಇಂಥದ್ದಕ್ಕೆ ಊರಲ್ಲಿ ಉಪಾಯ ಇಲ್ಲದೆ ಇರಲಿಲ್ಲ. ಗೌಡರು ಓಣಿಯ ಬಸಪ್ಪನನ್ನು ಕರೆದು, ನೀನು ಅವಳಿಗೆ ಅಣ್ಣನಾಗಿ ನಿಲ್ಲು ಎಂದು ಕಳಿಸಿದರು. ಒಳ್ಳೆಯ ಮನುಷ್ಯ, ಬುತ್ತಿ ತಂದು ರುಮಾಲು ಬಿಚ್ಚಿ ನಿಂತ. ಮಾಳವ್ವ ಅವನನ್ನು ನೋಡಿ, ನೀನು ಬಸಪ್ಪ ಎಂದಳು. ಒಳಗೆ ಕರೆಯಲಿಲ್ಲ. ಅತ್ತೆ ಗುರವ್ವ ಬಲವಂತ ಮಾಡಿ ರೊಟ್ಟಿಯ ಚೂರು ಬಾಯಿಗೆ ಇಟ್ಟರೆ ಅದು ಸಂಜೆಯವರೆಗೂ ದವಡೆಯಲ್ಲೇ ಉಳಿಯಿತು. ಗಂಡ ಭರಮಪ್ಪ ಕಾಲು ಹಿಡಿದು ಬೇಡಿಕೊಂಡ. ಇದೇ ಕಂಬದ ಬುಡದಿಂದ ಇನ್ನೊಂದು ಹೆಣ ಎತ್ತಬೇಕಾದೀತು ಎಂದು ಊರೆಲ್ಲ ಗುಸುಗುಸು ಮಾತಾಡಿಕೊಂಡಿತು.

ಅಂಥ ಹೊತ್ತಿನಲ್ಲಿ ಕುದುರೆ ಮಾರುವವರ ದಂಡೊಂದು ಬಂದು ಕೆರೆಯ ಪಕ್ಕದ ದಿಬ್ಬದ ಮೇಲೆ ಇಳಿದುಕೊಂಡಿತು. ಕಡಲಾಚೆಯ ಜನ, ಯಾವ ನಾಡೆಂದು ಹೇಳುವವರಿಲ್ಲ. ದಂಡಿಗೆ ಹಿರಿಯನಾದ ಒಬ್ಬ ಮುದುಕನಿದ್ದ. ಅವನ ಮಗ ಘಟ್ಟ ಹತ್ತುವಾಗ ಚಳಿಜ್ವರ ಬಂದು ಸತ್ತು, ಅಲ್ಲೇ ಕಾಡಿನಲ್ಲಿ ಮಣ್ಣಾಗಿದ್ದ. ಸತ್ತವರ ಹೆಸರಿನಲ್ಲಿ ಸಿಹಿ ಮಾಡಿ, ಗುರುತಿಲ್ಲದವರಿಗೆ ಬಿಸಿಬಿಸಿಯಾಗಿ ಹಂಚಬೇಕು, ಗುರುತಿಲ್ಲದ ಬಾಯಿ ಸಿಹಿಯಾದರೆ ಸತ್ತವನ ದಾರಿ ಹಗುರ ಎನ್ನುವುದು ಅವರ ಕಡೆಯ ನಂಬಿಕೆ. ಘಟ್ಟದಲ್ಲಿ ಇದ್ದವರೆಲ್ಲ ತನ್ನವರೇ, ಯಾರಿಗೆ ಹಂಚುವುದು? ಈ ಊರು ಸಿಕ್ಕಿದ ಮೇಲೆ ದಿಬ್ಬದ ಮೇಲೆ ಮೂರು ಕಲ್ಲು ಹೂಡಿ, ಗೋಧಿ ಹಿಟ್ಟನ್ನು ತುಪ್ಪದಲ್ಲಿ ಕೆಂಪಗೆ ಹುರಿದು, ತಂದಿದ್ದ ಖರ್ಜೂರ ಸಾಲದೆ ಊರಿನ ಬೆಲ್ಲವನ್ನೇ ಕೂಡಿಸಿ ಸಿಹಿ ಮಾಡಿದ. ಅದನ್ನು ತಾಮ್ರದ ತಟ್ಟೆಗೆ ಹಾಕಿಕೊಂಡು ದುಭಾಷಿಯ ಜೊತೆ ಓಣಿಗೆ ಬಂದ.

ಒಬ್ಬರೂ ಕೈ ಚಾಚಲಿಲ್ಲ. ಯಾವ ಜಾತಿಯೋ, ಯಾವ ಕುಲವೋ, ಯಾರ ಕೈ ಅಡುಗೆಯೋ ಎಂಬುದು ಒಂದು. ಯಾಕೆ ಹಂಚುತ್ತೀರಿ ಎಂದು ಯಾರೋ ಕೇಳಿದ್ದಕ್ಕೆ ದುಭಾಷಿ, ಇವನ ಮಗ ಸತ್ತಿದ್ದಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ. ತೀರಿತು! ನಮ್ಮಲ್ಲಿ ಸತ್ತ ಮನೆಯಿಂದ ಒಗ್ಗರಣೆಯ ಸದ್ದು ಕೂಡ ಕೇಳಬಾರದು, ಇವನು ತುಪ್ಪದ ಘಮಘಮ ಬೀದಿಯ ತುಂಬ ಹರಡಿಕೊಂಡು ಬಂದಿದ್ದಾನೆ. ಮಗ ಸತ್ತರೆ ಸಿಹಿ ಹಂಚುವ ಇವನೆಂಥ ತಂದೆ ಎಂದು ಹೆಂಗಸರು ಬಾಗಿಲು ಮುಂದೆ ಮಾಡಿದರು. ದುಭಾಷಿ ಜನರಿಗೆ ತಿಳಿಹೇಳಲು ಹೋಗಿ ಓಣಿಯ ಬಾಯಲ್ಲೇ ಸಿಕ್ಕಿಬಿದ್ದ. ಮುದುಕ ತಟ್ಟೆ ಹಿಡಿದು ಒಬ್ಬನೇ ಮುಂದೆ ನಡೆದ. ಅಡುಗೆಯ ಹೊತ್ತು, ಎಲ್ಲ ಮನೆಗಳ ಮೇಲೂ ಹೊಗೆ ಆಡುತ್ತಿತ್ತು, ಒಂದು ಮನೆಯ ಮೇಲೆ ಮಾತ್ರ ಇರಲಿಲ್ಲ. ಅಡುಗೆಯ ಹೊತ್ತಿಗೆ ಹೊಗೆಯೇಳದ ಮನೆ ಎಂದರೆ ಅವರ ಕಡೆ ಕೂಳಿಲ್ಲದ ಬಡವರ ಮನೆ. ಅನ್ನ ಕೈಯಲ್ಲಿದ್ದು ಅಂಥ ಬಾಗಿಲು ದಾಟಿ ಹೋಗುವುದು ಪಾಪ. ಅವನಿಗೆ ಸೂತಕ ಗೊತ್ತಿರಲಿಲ್ಲ. ಹಸಿದವರ ಮನೆ ಎಂದೇ ತಿಳಿದು ಮಾಳವ್ವನ ಹೊಸ್ತಿಲಾಚೆ ಹೋಗಿ, ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ತಲೆಯ ಮೇಲೆ ಮುಂಡಾಸು ಇರಲಿಲ್ಲ. ಸತ್ತವರ ಹೆಸರಿನ ಅನ್ನ ಹೊತ್ತವನು ಬರಿದಲೆಯಲ್ಲಿರಬೇಕೆಂಬುದು ಅವರ ಪದ್ಧತಿ ಎಂದು ಕೆಲವರು ಹೇಳುತ್ತಾರೆ. ಬಿಸಿಲಿಗೆ ಬೆವೆತು ಬಿಚ್ಚಿದ್ದನಷ್ಟೆ ಎಂದು ಇನ್ನು ಕೆಲವರು. ಭಾಷೆ ಬಾರದವನು, ಏನೆಂದು ಕೂಗಿ ಕರೆದಾನು? ಸುಮ್ಮನೆ ನಿಂತಿದ್ದ.

ಮಾಳವ್ವ ತಲೆ ಎತ್ತಿ ನೋಡಿದಳು. ಬಿಳಿ ಗಡ್ಡ, ಗುರುತಿಲ್ಲದ ಉಡುಪು, ಧೂಳು ಮೆತ್ತಿದ ಕಾಲು, ಬರಿದಲೆ, ಎರಡು ಕೈಯಲ್ಲಿ ಬುತ್ತಿ. ಬಹಳ ಹೊತ್ತು ನೋಡಿದಳಂತೆ.

"ಅಣ್ಣಾ, ಭಾಳ ತಡಾ ಮಾಡಿ ಬಂದಿ" ಎಂದಳು. "ಒಳಗ ಬಾ."

ಹೀಗೆಂದು ಬಾಯಿ ತೆರೆದಳು. ಅವನಿಗೆ ಮಾತು ತಿಳಿಯದಿದ್ದರೂ ತೆರೆದ ಬಾಯಿ ತಿಳಿಯಿತು. ಒಳಗೆ ಬಂದು, ಮಂಡಿಯೂರಿ ಕುಳಿತು, ಒಂದು ತುತ್ತು ಇಟ್ಟ. ಅವಳು ನುಂಗಿದಳು. ಗುರವ್ವ ಒಳಮನೆಯಿಂದ ಬಂದು ನೋಡಿ ಅಯ್ಯಯ್ಯೋ ಎಂದು ಬಾಯಿಗೆ ಸೆರಗು ಹಿಡಿದಳು. ಬೇಡವೆಂದು ಕೂಗಬೇಕೋ, ಉಣ್ಣಲಿ ಬಿಡು ಎನ್ನಬೇಕೋ ಅವಳಿಗೆ ತಿಳಿಯಲಿಲ್ಲ. ತಟ್ಟೆ ಬರಿದಾಗುವವರೆಗೆ ಅವನು ಹಾಕಿದ, ಅವಳು ಉಂಡಳು. ಸಿಹಿಯೋ ಕಹಿಯೋ ಮಾಳವ್ವನಿಗೆ ಗೊತ್ತಾಗಲಿಲ್ಲ. ಬಿಸಿ ಇದೆ ಎಂಬುದೊಂದು ಗೊತ್ತಾಯಿತು. ಹೊನ್ನಿ ಹೋದ ಮೇಲೆ ಅವಳಿಗೆ ಗೊತ್ತಾದ ಮೊದಲ ಸಂಗತಿ ಅದು.

ಅಷ್ಟರಲ್ಲಿ ದುಭಾಷಿ ಏದುಸಿರು ಬಿಡುತ್ತ ಓಡಿ ಬಂದ. ಇದು ಸೂತಕದ ಮನೆ, ಇವಳ ಮಗಳು ಸತ್ತಿದ್ದಾಳೆ ಎಂದು ಮುದುಕನಿಗೆ ಹೇಳಿದ. ಇವನು ನಿನ್ನ ಅಣ್ಣನಲ್ಲ ತಾಯಿ, ಮಗನನ್ನು ಕಳೆದುಕೊಂಡ ಕುದುರೆ ವ್ಯಾಪಾರಿ, ಆ ಮಗನ ಹೆಸರಿನಲ್ಲಿ ಈ ಸಿಹಿ, ಈ ಊರಲ್ಲಿ ತಿಂದವಳು ನೀನೊಬ್ಬಳೇ ಎಂದು ಮಾಳವ್ವನಿಗೆ ಹೇಳಿದ. ಅವಳು ಬೆಚ್ಚಲಿಲ್ಲ, ಬಾಯಿ ಒರೆಸಿಕೊಳ್ಳಲಿಲ್ಲ. ಮಗ ಎಷ್ಟು ದೊಡ್ಡವನಿದ್ದ ಎಂದಷ್ಟೇ ಕೇಳಿದಳು. ಮುದುಕ ಎದ್ದು ನಿಂತು, ತನ್ನ ಭುಜದ ಮಟ್ಟಕ್ಕೆ ಕೈ ಹಿಡಿದು ತೋರಿಸಿದ. ಮಾಳವ್ವ ಕಂಬ ಹಿಡಿದುಕೊಂಡು ಎದ್ದಳು. ಸೊಂಟದ ಮಟ್ಟಕ್ಕೆ ಕೈ ಹಿಡಿದಳು. ಇಬ್ಬರೂ ಹಾಗೆಯೇ ಕೈ ಚಾಚಿಕೊಂಡು, ಕೈಯಡಿಯ ಖಾಲಿ ಜಾಗ ನೋಡುತ್ತ ನಿಂತಿದ್ದರು ಎನ್ನುತ್ತಾರೆ. ನೋಡುತ್ತಿದ್ದ ಗುರವ್ವನಿಗೆ ತಡೆಯಲಾಗಲಿಲ್ಲ, ಅತ್ತವಳು ಅವಳು.

ಮರುದಿನ ಬೆಳಗಾಗುವುದರೊಳಗೆ ಕುದುರೆಯವರು ದಿಬ್ಬ ಬಿಟ್ಟು ಮೂಡಣಕ್ಕೆ ಹೋದರು. ಊರು ಮಾತ್ರ ಎಲ್ಲಿಗೆ ಹೋದೀತು? ಕಟ್ಟೆಯ ಮೇಲೆ ಪಂಚರು ಕೂಡಿದರು. ಸೂತಕದಲ್ಲಿ, ಗುರುತಿಲ್ಲದವನ ಕೈಯಿಂದ, ಅದೂ ಇನ್ನೊಬ್ಬರ ಸಾವಿನ ಸಿಹಿ! ಮೂರರಲ್ಲಿ ಒಂದಾಗಿದ್ದರೆ ಕಣ್ಣು ಮುಚ್ಚಬಹುದಿತ್ತು. ಆದರೂ ಗೌಡರು ಕೆಟ್ಟವರಲ್ಲ. ಹೆಣ್ಣುಮಗಳು ಬದುಕಿಕೊಂಡಿದ್ದಾಳೆ, ಹಾಳಾಗಬಾರದು ಎಂದು ಅವರಿಗೂ ಇತ್ತು. ದುಃಖದಲ್ಲಿ ಬುದ್ಧಿ ನೆಟ್ಟಗಿರಲಿಲ್ಲ, ಯಾರೆಂದು ತಿಳಿಯದೆ ಉಂಡೆ, ಅವನು ನನ್ನ ಅಣ್ಣನಲ್ಲ ಎಂದು ನಾಲ್ಕು ಜನರ ಮುಂದೆ ಒಂದು ಮಾತು ಹೇಳಿಬಿಡು, ಇಲ್ಲಿಗೇ ಮುಗಿಸೋಣ ಎಂದರು. ಭರಮಪ್ಪ, ಹೇಳೇ, ಹೇಳಿಬಿಡೇ ಎಂದು ಪಕ್ಕದಲ್ಲಿ ನಿಂತು ಗೋಗರೆದ. ಹೇಳದಿದ್ದರೆ ಆ ಮನೆಗೆ ಊರಿನ ನೀರಿಲ್ಲ, ಬೆಂಕಿಯಿಲ್ಲ. ಮಾಳವ್ವನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಬಸಪ್ಪ ನೀವು ಕಳಿಸಿದ್ದಕ್ಕ ಬಂದ. ಅಂವ ಯಾರೂ ಕಳಿಸದ ಬಂದ" ಎಂದಳು. "ಅಂವ ಅಣ್ಣ ಅಲ್ಲ ಅಂದರ ನನ್ನ ತವರು ಇನ್ನೊಮ್ಮೆ ಸತ್ತಹಂಗ ಆಗತೈತ್ರಿ ಗೌಡರ. ನಾ ಹೇಳೂದಿಲ್ಲ."

ಪಂಚರ ಮಾತು ನಡೆಯಿತು. ಮಾರನೆಯ ದಿನವೇ ಸೂತಕ ಕಳೆದು, ಮನೆ ಸಾರಿಸಿ, ಮೈ ತೊಳೆದುಕೊಂಡು, ಒಲೆ ಹೊತ್ತಿಸಬೇಕಾಯಿತು. ಆಗಿನ ಕಾಲದಲ್ಲಿ ಬೆಂಕಿ ಆರಿದರೆ ನೆರೆಮನೆಯ ಒಲೆಯಿಂದ ಕೆಂಡ ತರುವುದು ವಾಡಿಕೆ. ಯಾರ ಬಾಗಿಲೂ ತೆರೆಯಲಿಲ್ಲ. ಬಸಪ್ಪನ ಹೆಂಡತಿ ಕೂಡ ಕಿಟಕಿಯಿಂದ ನೋಡಿ ಒಳಗೆ ಸರಿದಳು. ಮಾಳವ್ವ ಒಡೆದ ಗಡಿಗೆಯ ಬೋಕಿ ಹಿಡಿದು ಊರಾಚೆ ನಡೆದಳು. ಎಲ್ಲಿಗೆ ಎಂದು ದನ ಕಾಯುವವರು ಕೇಳಿದರು. ಅಣ್ಣನ ಒಲೆಗೆ ಎಂದಳು. ಅವರು ನಕ್ಕರು, ಆ ನಗುವೂ ಅವಳಿಗೆ ತಟ್ಟಲಿಲ್ಲ. ದಿಬ್ಬದ ಮೇಲೆ ಮೂರು ಕಲ್ಲಿನ ನಡುವೆ ಬರೀ ಬೂದಿ ಕಾಣುತ್ತಿತ್ತು. ಕುದುರೆಯವರು ಒಲೆಗೆ ಒಣಲದ್ದಿ ಹಾಕಿ, ಮೇಲೆ ಬೂದಿ ಮುಚ್ಚಿ ಹೋಗಿದ್ದರು. ಕೈಯಿಂದಲೇ ಕೆದಕಿದಳು. ಅಡಿಯಲ್ಲಿ ಕೆಂಡ ಇನ್ನೂ ಕೆಂಪಗಿತ್ತು. ಬೆರಳು ಸುಟ್ಟುಕೊಂಡು, ಸುಟ್ಟದ್ದು ಉರಿಯುತ್ತಿದೆ ಎಂದು ತಿಳಿದು, ಒಂದು ಗಳಿಗೆ ಆ ಬೆರಳನ್ನೇ ನೋಡುತ್ತ ಕುಳಿತಿದ್ದಳಂತೆ. ಆಮೇಲೆ ಕೆಂಡವನ್ನು ಬೋಕಿಗೆ ಹಾಕಿಕೊಂಡು ಮನೆಗೆ ಬಂದು ಒಲೆ ಹೊತ್ತಿಸಿದಳು, ರೊಟ್ಟಿ ಬಡಿದಳು, ಗಂಡನಿಗೂ ಅತ್ತೆಗೂ ಬಡಿಸಿದಳು. ಮುಂದೆ ಅವಳು ಬಹಳ ವರ್ಷ ಬದುಕಿದಳು. ಮತ್ತೆ ನಕ್ಕದ್ದನ್ನು ಕಂಡವರಿಲ್ಲ, ಉಪವಾಸ ಬಿದ್ದದ್ದನ್ನೂ ಕಂಡವರಿಲ್ಲ. ಬಹಿಷ್ಕಾರ ಯಾವಾಗ ಸಡಿಲವಾಯಿತೋ ಯಾರೂ ಹೇಳುವುದಿಲ್ಲ; ಇಂಥವು ತಾವೇ ಸವೆದುಹೋಗುತ್ತವೆ. ದನ ಕಾಯುವವರು ಗೇಲಿಗೆ ಹಿಡಿದ ಮಾತು ಮಾತ್ರ ದಿಬ್ಬಕ್ಕೆ ಅಂಟಿಕೊಂಡು ಹೆಸರಾಗಿ ಉಳಿಯಿತು.

ಈಗಲೂ ಈ ಸೀಮೆಯಲ್ಲಿ ತವರಿಲ್ಲದ ಹೆಣ್ಣುಮಗಳು ಮಗುವನ್ನು ಕಳೆದುಕೊಂಡರೆ ಅವಳನ್ನು ಅಣ್ಣನೊಲೆಗೆ ಕರೆತಂದು ಬನ್ನಿ ಮರದ ನೆರಳಲ್ಲಿ ಕೂರಿಸುತ್ತಾರೆ. ಮನೆಯವರು ರಸ್ತೆಗಿಳಿದು ಕೈ ಅಡ್ಡ ಹಿಡಿಯುತ್ತಾರೆ. ನಮ್ಮ ಜಿಲ್ಲೆಯ ಗಾಡಿಯಾದರೆ ಬಿಟ್ಟುಬಿಡುತ್ತಾರೆ, ದೂರದವರೇ ಆಗಬೇಕು. ಲಾರಿಯವರು ಮೊದಲು ಏನೋ ತಗಾದೆ ಎಂದು ಹೆದರುತ್ತಾರೆ, ಸನ್ನೆಯಲ್ಲಿ ತಿಳಿಸಿದ ಮೇಲೆ ಇಳಿದು ಕೈ ತೊಳೆಯುತ್ತಾರೆ. ಅವರ ಹತ್ತಿರ ಏನಿದೆಯೋ ಅದೇ ಆಗುತ್ತದೆ. ತಮಿಳುನಾಡಿನವನ ಹುಳಿಯನ್ನ, ಮಾರವಾಡದವನ ಸಜ್ಜೆ ರೊಟ್ಟಿ, ಕೇರಳದವನ ಬೇಯಿಸಿದ ಮರಗೆಣಸು. ಹೆಸರು, ಜಾತಿ ಕೇಳುವ ಪದ್ಧತಿ ಇಲ್ಲ. ಅಣ್ಣಾ ಎಂದರೆ ಸಾಕು. ಹೋದ ವರ್ಷ ಹೀಗೇ ಒಬ್ಬ ಲಾರಿಯವನು ಇಳಿದು ಬಂದ. ಎಲ್ಲಿಯವನೋ, ಯಾರಿಗೂ ಅವನ ಮಾತು ತಿಳಿಯಲಿಲ್ಲ. ಡಬ್ಬಿಯಲ್ಲಿ ಬೇಳೆ ಕಲಸಿದ ಅನ್ನ ಇತ್ತು. ಎದುರು ಕುಳಿತ ಹೆಂಗಸಿನ ಬಾಯಿಗೆ ತುತ್ತು ಇಟ್ಟ. ಇಟ್ಟವನು ಎದ್ದು ಹೋಗದೆ ಅಲ್ಲೇ ಕುಳಿತುಬಿಟ್ಟ. ಕುಳಿತಲ್ಲೇ ನೆಲದಿಂದ ಮೊಳದೆತ್ತರಕ್ಕೆ ಕೈ ಹಿಡಿದು, ಅದರಡಿಯ ಖಾಲಿ ಜಾಗ ನೋಡಿದ. ಆ ಹೆಂಗಸು ಅವನನ್ನು ನೋಡಿದಳು, ಡಬ್ಬಿಗೆ ಕೈ ಹಾಕಿ ಇನ್ನೊಂದು ತುತ್ತು ಕಲಸಿ ಅವನ ಬಾಯಿಯ ಹತ್ತಿರ ಹಿಡಿದಳು. ಲಾರಿ ಮಧ್ಯಾಹ್ನದವರೆಗೂ ರಸ್ತೆಯ ಪಕ್ಕದಲ್ಲಿ ನಿಂತೇ ಇತ್ತು.