ಅರ್ಧ ಎಳೆದ ಕತ್ತಿ

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಮಾಳಲದೇವಿಯವರು ಮೂರು ಒಗಟು ಹಾಕುತ್ತಾರೆ. ಮೂರಕ್ಕೂ ಉತ್ತರ ಒಂದೇ ಮಾತು, ಕೊನೆಗೆ ಕೇಳುವ ಒಂದು ಪ್ರಶ್ನೆಗೂ ಉತ್ತರ ಹೇಳಬೇಕು. ಬಿಡಿಸಿದವನಿಗೆ ರಾಜಕುಮಾರಿಯನ್ನು ಕೊಟ್ಟು ಮದುವೆ. ತಪ್ಪಿದವನ ತಲೆ ಅಮಾವಾಸ್ಯೆಯ ದಿನ ಉರುಳುತ್ತದೆ!"

ಡಂಗುರ ಊರೂರು ತಿರುಗಿತು. ಒಗಟು ರಾಜಕುಮಾರಿಯದು, ತಲೆ ತೆಗೆಯುವ ಮಾತು ಮಾತ್ರ ಅರಸನದು. ರಾಣಿ ತೀರಿಕೊಂಡ ಮೇಲೆ ಅವನಿಗೆ ಮೂಗಿನ ತುದಿಯಲ್ಲೇ ಕೋಪ. ತಡೆಯುವವರು ಯಾರೂ ಉಳಿದಿರಲಿಲ್ಲ.

ಕುರಿ ಕಾಯುವ ದ್ಯಾಮ ಆಸ್ಥಾನಕ್ಕೆ ಬಂದದ್ದು ಮದುವೆಯ ಆಸೆಯಿಂದಲ್ಲ. ಅವನ ಅಣ್ಣ ಕೆಂಚ ಮೊದಲೇ ಬಂದು "ತೇವ" ಎಂದು ಹೇಳಿ ಸೆರೆಮನೆ ಸೇರಿದ್ದ. ನಾಳೆಯೇ ಅಮಾವಾಸ್ಯೆ. ಹೇಗಾದರೂ ಗೆದ್ದು ಅಣ್ಣನ ಜೀವ ಬೇಡಿಕೊಳ್ಳಬೇಕು, ಅಷ್ಟೇ ಅವನ ತಲೆಯಲ್ಲಿದ್ದದ್ದು.

ಸರದಿಯಲ್ಲಿ ಅವನ ಮುಂದೆ ಸಾಮಂತನ ಮಗನೊಬ್ಬ, ಸೇನಾಪತಿಯ ಮಗನೊಬ್ಬ ನಿಂತಿದ್ದರು. ರಾಜಕುಮಾರಿ ಮೆಲ್ಲಗೆ ಶುರುಮಾಡಿದಳು.

"ಮಳೆ ನಿಂತ ಮೇಲೆ ಅದು ಹೊಲಕ್ಕೆ ಬರುತ್ತದೆ. ಬರುವ ಮುಂಚೆ ಉಳಲು ಹೋದರೆ ನೇಗಿಲು ಹೂತುಕೊಳ್ಳುತ್ತದೆ, ಅದು ದಾಟಿದ ಮೇಲೆ ಹೋದರೆ ಮುರಿಯುತ್ತದೆ. ಏನದು? ಬೆಲ್ಲದ ಕೊಪ್ಪರಿಗೆಗೂ ಅದು ಬರುತ್ತದೆ. ಬರುವ ಮುಂಚೆ ಇಳಿಸಿದರೆ ಪಾಕ ಗಟ್ಟಿಯಾಗದು, ದಾಟಿದರೆ ಸೀಯುತ್ತದೆ. ಏನದು? ಅದಿದ್ದರೆ ಕೋಪವೂ ನ್ಯಾಯವಾಗುತ್ತದೆ, ಇಲ್ಲದಿದ್ದರೆ ನ್ಯಾಯವೂ ಕೊಲೆಯಾಗುತ್ತದೆ. ಏನದು? ಈ ಅರಮನೆಯಲ್ಲಿ ಅದು ಯಾರಲ್ಲಿಲ್ಲ?"

"ಬಿಸಿಲು" ಎಂದ ಸಾಮಂತನ ಮಗ. ಭಟರು ಎಳೆದೊಯ್ದರು.

"ಹದ" ಎಂದ ಸೇನಾಪತಿಯ ಮಗ. ರಾಜಕುಮಾರಿಯ ಕಣ್ಣು ಅರಳಿತು. "ಯಾರಲ್ಲಿಲ್ಲ?" ಎಂದು ಕೇಳಿದಳು. ಅವನು ಅರಸನ ಮುಖ ನೋಡಿದ, ಬೆವರಿದ. "ಅಡುಗೆಯವನಲ್ಲಿ" ಎಂದುಬಿಟ್ಟ. ಅವನನ್ನೂ ಎಳೆದೊಯ್ದರು.

ದ್ಯಾಮ ಮುಂದೆ ಬಂದ. ಈಗ ಉತ್ತರ ಎಲ್ಲರಿಗೂ ಗೊತ್ತು, ಆಡುವ ಬಾಯಿಯೇ ಇಲ್ಲ.

"ಹದವೇ ತಾಯಿ," ಎಂದ. "ನಮ್ಮವ್ವ ಹೊಲಕ್ಕೂ ಪಾಕಕ್ಕೂ ಅದನ್ನೇ ಅನ್ನೋಳು. ನಾನು ಕುರಿ ಕಳಕೊಂಡು ಬಂದಾಗ ಒಂದೇಟು ಹೊಡೆದು, ಎತ್ತಿದ ಕೈ ತಡೆದು, ಸಾಕು, ಹದ ತಪ್ಪಬಾರದು ಅಂದಳು. ಅವತ್ತಿಂದ ಒಂದು ಕುರೀನೂ ಕಳೆದಿಲ್ಲ."

"ಯಾರಲ್ಲಿಲ್ಲ?"

ದ್ಯಾಮ ಅಣ್ಣನನ್ನು ನೆನೆದ. ಅರಸನತ್ತ ತಿರುಗಿ ಕೈಮುಗಿದ. "ನಿಮ್ಮಲ್ಲಿಲ್ಲ, ಬುದ್ಧಿ. ಒಂದು ಮಾತು ತಪ್ಪಿದ್ದಕ್ಕೆ ತಲೆ ತೆಗೀತೀರಿ."

ಅರಸ ಎದ್ದ. ಒರೆಯಿಂದ ಕತ್ತಿ ಸರ್ರನೆ ಅರ್ಧ ಬಂತು. ದ್ಯಾಮ ಕಣ್ಣು ಮುಚ್ಚಿಕೊಂಡ.

"ಅಪ್ಪಾಜಿ," ಎಂದಳು ರಾಜಕುಮಾರಿ, "ಅಮ್ಮ ಸಾಯುವಾಗ ನಿಮಗೆ ಹೇಳು ಅಂದದ್ದು ಇದೊಂದೇ ಮಾತು. ಹೇಳುವ ಧೈರ್ಯ ನನಗಿರಲಿಲ್ಲ, ಅದಕ್ಕೇ ಒಗಟು ಮಾಡಿದೆ."

ಅರಸ ಕತ್ತಿಯನ್ನೇ ನೋಡುತ್ತ ನಿಂತ. ಆಮೇಲೆ ಅದನ್ನು ಹಾಗೆಯೇ ಒಳಗೆ ತಳ್ಳಿದ. ಆ ಸದ್ದಿಗೆ ದ್ಯಾಮ ಕಣ್ಣು ಬಿಟ್ಟ.

"ಈಗ ಹದ ಬಂತು, ಬುದ್ಧಿ," ಎಂದ.

ಅರಸನ ಕಣ್ಣು ತುಂಬಿತು. ಸೆರೆಮನೆಯ ಬಾಗಿಲುಗಳೆಲ್ಲ ತೆರೆದವು. ಕೆಂಚ ಹೊರಗೆ ಬಂದವನು ಮೊದಲು ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ, ಆಮೇಲೆ ತಮ್ಮನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತ.

ರಾಜಕುಮಾರಿ ದ್ಯಾಮನನ್ನು ಮನಸಾರೆ ಒಪ್ಪಿ ಮದುವೆಯಾದಳು. ಮದುವೆಯ ದಿನ ಅರಸನೇ ಅಡುಗೆಮನೆಗೆ ಹೋಗಿ, ತನ್ನ ಅಡುಗೆಯವನ ಪಕ್ಕ ನಿಂತು, ಪಾಯಸದ ಹದ ಹೇಗೆ ತಿಳಿಯುತ್ತದೆ ಎಂದು ಕೇಳಿ ಕಲಿತನಂತೆ.