ತಳವಿಲ್ಲದ ಕೊಪ್ಪರಿಗೆ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಮೂಡೋಕೆ ಮುಂಚೆ, ಮೂರು ಸಿರಿವಂತ ರಾಜ್ಯಗಳ ನಡುವೆ ಒಂದು ಬಡನಾಡು ಇತ್ತಂತೆ. ಬಡತನ ಸಾಲದು ಅಂತ ಜಗಳ ಬೇರೆ. ಇದ್ದಿದ್ದು ಒಂದೇ ಕೆರೆ, ಅದರ ನೀರಿಗೆ ಮೇಲ್ಕೇರಿಯೋರು ಕೆಳಕೇರಿಯೋರು ದಿನಾ ಬಡಿದಾಡೋರಂತೆ. ದೇವೀರಿ ಅಂತ ಒಬ್ಬಳು, ಪಾಪ, ಅವಳಿಗೆ ಮೇಲ್ಕೇರಿ ತವರು, ಕೆಳಕೇರಿ ಗಂಡನ ಮನೆ. ಅಣ್ಣ ಮಾದಣ್ಣ ಆ ಕಡೆ, ಗಂಡ ಜವರ ಈ ಕಡೆ. ಯಾರ ತಲೆ ಒಡೆದರೂ ಅಳೋಳು ಇವಳೇ. ಕಾಲು ಆಡಿಸಬೇಡ, ಸುಮ್ನೆ ಕೇಳು.

ಆ ನಾಡಲ್ಲಿ ಒಂದು ಪದ್ಧತಿ. ಯಾರಾದ್ರೂ ಪಾತ್ರೇಲಿ ಏನಾದ್ರೂ ಕೊಟ್ಟರೆ ಅದನ್ನ ಖಾಲಿ ವಾಪಸ್ ಕಳಿಸಬಾರದು. ನಿಮ್ಮಮ್ಮ ಪಕ್ಕದ ಮನೆ ಡಬ್ಬಿಗೆ ಒಂದು ಚಿಟಿಕೆ ಸಕ್ಕರೆನಾದ್ರೂ ಹಾಕಿ ಕೊಡ್ತಾಳಲ್ಲ, ಹಂಗೆ. ಇದು ಆ ಮೂರು ರಾಜರ ಕಿವಿಗೆ ಬಿತ್ತಂತೆ.

ಮೊದಲನೇ ರಾಜ ಮನೆಯಷ್ಟು ದೊಡ್ಡ ಕೊಪ್ಪರಿಗೆ ತುಂಬ ಬಿಳೀ ಅಕ್ಕಿ ಕಳಿಸಿದನಂತೆ. ಜನ ಕುಣಿದಾಡಿಬಿಟ್ಟರು. ಖಾಲಿ ಕಳಿಸೋ ಹಂಗಿಲ್ಲವಲ್ಲ, ಬಿತ್ತನೆ ರಾಗಿನೆಲ್ಲ ಬಳಿದು ತುಂಬಿ ಕಳಿಸಿದರಂತೆ. ಪೆದ್ದುಮುಂಡೇವು! ಮಳೆ ಬಂದಾಗ ಬಿತ್ತೋಕೆ ಒಂದು ಕಾಳಿಲ್ಲ. ಆಮೇಲೆ ಎರಡನೇ ರಾಜ ಕೊಪ್ಪರಿಗೆ ತುಂಬ ಬಟ್ಟೆ ಕಳಿಸಿದ, ಮಗ್ಗಗಳು ನಿಂತುಹೋದವು, ಆ ಕೊಪ್ಪರಿಗೆಗೆ ಹಟ್ಟಿಲಿದ್ದ ಕುರಿ ಆಡೆಲ್ಲ ಹೋದವಂತೆ.

ಆಮೇಲೆ ಮೂರನೆಯವನು. ಅವನ ಆಳುಗಳು ಬಂದು ಬಿಡಾರ ಹೂಡಿ, ಸುತ್ತ ಪರದೆ ಕಟ್ಟಿ, ಕೆರೆ ಅಂಚಲ್ಲಿ ತಿಂಗಳುಗಟ್ಟಲೆ ಗುಂಡಿ ತೋಡಿ ಅದರಲ್ಲಿ ತಮ್ಮ ರಾಜನ ಹದ್ದಿನ ಮುದ್ರೆ ಇದ್ದ ಕೊಪ್ಪರಿಗೆ ಕೂರಿಸಿದರಂತೆ. ಮೇಲೆ ಬೆಲ್ಲ, ಬೆಲ್ಲದ ಕೆಳಗೆ ಕತ್ತಿ. ಬೆಲ್ಲ ಎಲ್ಲರೆದುರಿಗೆ ಹಂಚಿದರು, ಕತ್ತಿ ಮಾತ್ರ ಗುಟ್ಟಾಗಿ ಎರಡೂ ಕೇರಿಗೆ. ಆ ಕೇರಿಯೋರು ಕತ್ತಿ ಮಸೀತಿದ್ದಾರೆ, ಹುಷಾರು ಅಂತ ಇವರಿಗೂ ಹೇಳಿದರು, ಅವರಿಗೂ ಹೇಳಿದರು. ನಮ್ಮ ಹತ್ರ ತುಂಬಿಕೊಡೋಕೆ ಏನೂ ಉಳಿದಿಲ್ಲ ಸ್ವಾಮಿ ಅಂದರೆ, ಅಯ್ಯೋ ಬರೀ ನೀರು ತುಂಬಿ, ತುಂಬಿದ ದಿನ ಬಂದು ತಗೊಂಡು ಹೋಗ್ತೀವಿ ಅಂತ ಹೇಳಿ ಪರದೆ ಬಿಚ್ಚಿ ಹೊರಟುಹೋದರಂತೆ.

ಕೆರೆ ತೂಬು ಎತ್ತಿ ಕೊಪ್ಪರಿಗೆಗೆ ನೀರು ಬಿಟ್ಟರಂತೆ. ಒಂದು ದಿನ ಆಯ್ತು, ವಾರ ಆಯ್ತು, ತಿಂಗಳಾಯ್ತು, ತುಂಬಲೇ ಇಲ್ಲ! ಕೆರೆ ಮಾತ್ರ ಇಳೀತಾ ಬಂತು. ನೀವು ಕದ್ದಿರಿ ಅಂತ ಇವರು, ನೀವೇ ಕದ್ದಿದ್ದು ಅಂತ ಅವರು, ಎರಡು ಕೇರಿಯೋರೂ ಕತ್ತಿ ಹಿಡಿದು ಹೊರಟರಂತೆ.

ಅದೇ ಹೊತ್ತಿಗೆ ದೇವೀರಿ ಬಿಂದಿಗೆ ಹಿಡಿದು ಬಂದಿದ್ದಳು. ಕೊಪ್ಪರಿಗೆ ಒಳಗೆ ಗುಳುಗುಳು ಸದ್ದು. ಏನಪ್ಪಾ ಇದು ಅಂತ ಅಂಚು ಹಿಡಿದು ಒಳಗಿಳಿದು ಕಾಲಿಟ್ಟರೆ, ತಳವೇ ಇಲ್ಲ! ಕೆಳಗೆ ಕಲ್ಲಿನ ಕಾಲುವೆ, ನೀರೆಲ್ಲ ಸೀದಾ ಆ ರಾಜನ ಸೀಮೆಗೆ. ಬೆಲ್ಲ ಕತ್ತಿ ಖಾಲಿಯಾದ ಮೇಲೆ ಆ ಆಳುಗಳೇ ತಳದ ಹಲಗೆ ಕಿತ್ತುಹಾಕಿದ್ದರಂತೆ.

ಮೇಲೆ ಹತ್ತಿ ನೋಡ್ತಾಳೆ, ಅಣ್ಣ ಗಂಡ ಇಬ್ಬರೂ ಕತ್ತಿ ಎತ್ತಿದ್ದಾರೆ. ಓಡಿಹೋಗಿ ನಡುವೆ ನಿಂತು ಇಬ್ಬರ ಕೈನೂ ಗಬಕ್ಕನೆ ಹಿಡಕೊಂಡಳು. ಅಯ್ಯೋ ಶಿವನೇ! ಎರಡು ಕತ್ತಿ ಹಿಡಿಯಲ್ಲೂ ಅದೇ ಹದ್ದಿನ ಮುದ್ರೆ, ಕೊಪ್ಪರಿಗೆ ಮೇಲೆ ಇದ್ದಿದ್ದೇ. ಬನ್ರೋ ಇಲ್ಲಿ, ಅಂತ ಇಬ್ಬರನ್ನೂ ದರದರ ಎಳಕೊಂಡು ಹೋದಳಂತೆ. ಮಾದಣ್ಣ ಬಗ್ಗಿ ನೋಡೋವಾಗ ಅವನ ತಲೆವಸ್ತ್ರ ಜಾರಿ ನೀರಿಗೆ ಬಿತ್ತು, ಬುಳಕ್ ಅಂತ ತೂತಲ್ಲಿ ಹೋಗೇಬಿಡ್ತು. ನಾನು ನಿನ್ನ ಕೊಂದೇಬಿಡ್ತಿದ್ದೆನಲ್ಲೋ ಭಾವ, ಅಂತ ಜವರ ಕತ್ತಿ ಬಿಸಾಕಿದನಂತೆ.

ಆಮೇಲೆ ಜವರ ಕೊಪ್ಪರಿಗೆ ಒಡೆಯೋಕೆ ಹೋದ. ದೇವೀರಿ ತಡೆದಳು. ಕೊಟ್ಟ ಪಾತ್ರೆ ಒಡೀಬಾರದು, ತುಂಬಿಸೇ ಕಳಿಸೋಣ ಅಂದಳಂತೆ. ಎರಡು ಕೇರಿಯೋರೂ ಸೇರಿ ಕೊಪ್ಪರಿಗೆ ಕಿತ್ತು, ಅದರ ತಳಕ್ಕೆ ಹಲಗೆ ಹೊಡೆದು, ಕಾಲುವೆಗೆ ಕಲ್ಲು ಮಣ್ಣು ಬಡಿದು, ಇದ್ದಬದ್ದ ಕತ್ತಿನೆಲ್ಲ ತುಂಡು ಮಾಡಿ ಅದಕ್ಕೇ ತುಂಬಿ ಕಳಿಸಿಬಿಟ್ಟರಂತೆ. ಮುಚ್ಚಳ ತೆಗೆದ ರಾಜ ಹೌಹಾರಿ ಹಿಂದಕ್ಕೆ ಬಿದ್ದನಂತೆ!

ಬಿತ್ತನೆಗೆ ಏನು ಮಾಡಿದರು ಅಂತೀಯಾ? ಮೊದಲ ಕುಯಿಲಿನ ತೆನೆ ಬಾಗಿಲಿಗೆ ಕಟ್ಟೋದು ಅಲ್ಲಿ ವಾಡಿಕೆ. ದೇವೀರಿ ತವರಿನ ಬಾಗಿಲಿಂದ ಒಂದು ಗೊಂಚಲು, ಗಂಡನ ಮನೆ ಬಾಗಿಲಿಂದ ಒಂದು ಗೊಂಚಲು ಬಿಚ್ಚಿ, ಒಂದೇ ಮೊರದಲ್ಲಿ ಉಜ್ಜಿದಳಂತೆ. ಅವಳನ್ನ ನೋಡಿ ಎಲ್ಲರೂ ಹಂಗೇ ಮಾಡಿದರು, ರಾಗಿ ಹುಲುಸಾಗಿ ಬೆಳೀತು. ಆಮೇಲೂ ರಾಜರು ಕಳಿಸೋದು ಬಿಡಲಿಲ್ಲ. ಏನೇ ಬರಲಿ, ದೇವೀರಿ ಮೊದಲು ಪಾತ್ರೆ ಮಗುಚಿ ತಳ ಇದೆಯಾ ಅಂತ ನೋಡೋಳಂತೆ.

ಅಲ್ಲಿಗೆ ಅವರ ಜಗಳ ಮುಗೀತು, ಇಲ್ಲಿಗೆ ನನ್ನ ಕತೆನೂ ಮುಗೀತು. ಕಣ್ಣು ಮುಚ್ಚು ಕೂಸೇ.