ಹಳೆಯ ಕಿಟ್ಟ

ಶಿಷ್ಯ ಕೇಳಿದ: "ಗುರುಗಳೇ, ಜೊತೆಯವನೊಬ್ಬ ಹೋದ ವರ್ಷ ನನಗೊಂದು ಕಟುಮಾತು ಆಡಿದ. ಮಾರನೆಯ ದಿನವೇ ಕ್ಷಮೆ ಕೇಳಿದ. ನಾನೂ ಕ್ಷಮಿಸಿದೆ. ಅಂದಿನಿಂದ ನಮ್ಮ ನಡುವೆ ಬಿರುಸಿನ ಮಾತೇ ಬಂದಿಲ್ಲ. ಆದರೂ ಅವನ ಮೇಲಿನ ನನ್ನ ಪ್ರೀತಿ ದಿನದಿನಕ್ಕೆ ಕಡಿಮೆಯಾಗುತ್ತಿದೆ. ಯಾರೂ ಮುಟ್ಟದ್ದು ಸವೆಯುವುದು ಹೇಗೆ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ಕಬ್ಬಿಣದ ಚೂರುಗಳನ್ನು ಮಣ್ಣಿನ ಮೂಸೆಯಲ್ಲಿ ಕರಗಿಸಿ ಗಟ್ಟಿ ಮಾಡುವುದು ಅವನ ಕೆಲಸ. ಕಾದ ಕಬ್ಬಿಣಕ್ಕೆ ಗಾಳಿ ತಾಕಿದರೆ ಅದು ಸುಟ್ಟುಹೋಗುತ್ತದೆ. ಅದಕ್ಕಾಗಿ ಮೇಲೆ ಕಿಟ್ಟ ಹಾಕಿ, ಅದೂ ಕರಗಿ ಮುಚ್ಚಳವಾಗುವಂತೆ ಮಾಡುತ್ತಿದ್ದ. ಕಿಟ್ಟವೆಂದರೆ ಕುಲುಮೆಯಲ್ಲಿ ಕಬ್ಬಿಣದಿಂದ ಬೇರ್ಪಟ್ಟು ನಿಲ್ಲುವ, ಗಾಜಿನಂಥ ಕರಿಯ ಕಸ. ಒಮ್ಮೆ ಬಳಸಿದ್ದನ್ನು ಒಡೆದು ಮತ್ತೆ ಬಳಸುವುದು ಆ ಮನೆಯ ರೂಢಿ. ಹಳೆಯದಾದಷ್ಟೂ ಬೇಗ ಕರಗುತ್ತದೆಂದು ಅದರ ಮೇಲೆ ಅವರಿಗೆ ಅಭಿಮಾನ.

ಬರಬರುತ್ತ ಹತ್ತು ಸೇರು ಕಬ್ಬಿಣ ಹಾಕಿದರೆ ಎಂಟೇ ಸೇರು ಸಿಗತೊಡಗಿತು. ಕುಲುಮೆಯ ಬಳಿ ಇರುತ್ತಿದ್ದವರು ಇಬ್ಬರೇ: ತಾನು, ಮತ್ತು ಗಾಳಿ ಊದಲು ತಿದಿ ಒತ್ತುವ ಹೆಂಡತಿಯ ತಮ್ಮ. ಕಮ್ಮಾರ ಬಹಳ ದಿನ ಸಂಶಯವನ್ನು ನುಂಗಿಕೊಂಡ. ಕೊನೆಗೆ ಬಾಯಿಬಿಟ್ಟ.

"ಕುದಿಯುವ ಮೂಸೆಯಿಂದ ಕದಿಯೋಕೆ ನನ್ನ ಕೈಯೇನು ಇಕ್ಕಳವೇ, ಭಾವ?" ಎಂದು ಭಾವಮೈದುನ ನಕ್ಕ. ಕಮ್ಮಾರ ನಗಲಿಲ್ಲ. ಭಾವಮೈದುನ ಒಳಗೆ ಹೋಗಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದ. ಅಕ್ಕ ತಡೆದರೂ ನಿಲ್ಲಲಿಲ್ಲ. ಹೊಸಿಲ ಬಳಿ ಮಾತ್ರ ತಿರುಗಿ ಹೇಳಿದ: "ಎಲ್ಲವನ್ನೂ ತೂಗಿದ್ದೀರಿ. ಕಿಟ್ಟವನ್ನು ತೂಗಿಲ್ಲ."

ಕಿಟ್ಟವನ್ನು ಅವರ ಕುಲದಲ್ಲಿ ಯಾರೂ ತೂಗಿರಲಿಲ್ಲ. ಕಮ್ಮಾರ ಅವನನ್ನು ಒಂದು ದಿನದ ಮಟ್ಟಿಗೆ ನಿಲ್ಲಿಸಿಕೊಂಡ. ಮಾರನೆಯ ದಿನ ಕಿಟ್ಟವನ್ನೂ ತೂಗಿ ಮೂಸೆಗೆ ಹಾಕಿದರು, ಆರಿದ ಮೇಲೆ ಎರಡನ್ನೂ ತೂಗಿ ನೋಡಿದರು. ಕಬ್ಬಿಣ ಎರಡು ಸೇರು ಕಡಿಮೆಯಾಗಿತ್ತು. ಕಿಟ್ಟ ಎರಡೂವರೆ ಸೇರು ಹೆಚ್ಚಿತ್ತು. ಕಳೆದ ಮಾಲು ಸಿಕ್ಕಿತು. ಆದರೆ ಮೇಲಿನ ಅರ್ಧ ಸೇರು ಯಾರದು? ಭಾವಮೈದುನ ತಿದಿಯ ಮೇಲೆ ಕೈಯಿಟ್ಟ. ಅದು ಗಾಳಿಯ ತೂಕ.

ಕಮ್ಮಾರನಿಗೆ ಈಗ ಸಂಶಯ ಹೋಗಿ ಕುತೂಹಲ ಹಿಡಿಯಿತು. ಗಾಳಿ ಮೇಲಿದೆ, ಕಬ್ಬಿಣ ಅಡಿಯಲ್ಲಿದೆ, ನಡುವೆ ಮುಚ್ಚಳವಿದೆ. ಗಾಳಿಯನ್ನು ಕೆಳಕ್ಕೆ ಹೊತ್ತವರು ಯಾರು? ಮರಳು, ಸುಣ್ಣ, ಬೂದಿ ಬೆರೆಸಿ, ಕಬ್ಬಿಣವನ್ನೇ ಕಾಣದ ಹೊಸ ಮುಚ್ಚಳ ಮಾಡಿದ. ಅದು ಬಹಳ ತಡವಾಗಿ ಕರಗಿತು. ಆದರೆ ಕಬ್ಬಿಣ ಹೆಚ್ಚುಕಡಿಮೆ ಹಾಕಿದಷ್ಟೇ ಬಂತು. ಮತ್ತೆ ಹಳೆಯ ಕಿಟ್ಟ ಹಾಕಿ ನೋಡಿದ. ಮತ್ತೆ ಎರಡು ಸೇರು ಹೋಯಿತು.

ಆಗ ತಿಳಿಯಿತು. ಹಳೆಯ ಕಿಟ್ಟದ ತುಂಬ ಹಿಂದೆಂದೋ ಸುಟ್ಟ ಕಬ್ಬಿಣವೇ ಬೆರೆತಿತ್ತು. ಅದು ಮೇಲೆ ಬಂದು ಗಾಳಿಯನ್ನು ಹೀರುತ್ತಿತ್ತು, ಕೆಳಗಿಳಿದು ಒಳ್ಳೆಯ ಕಬ್ಬಿಣಕ್ಕೆ ಕೊಡುತ್ತಿತ್ತು, ಮತ್ತೆ ಮೇಲೇರುತ್ತಿತ್ತು. ಕಾವಲಿಗೆ ಇಟ್ಟದ್ದೇ ಒಳಗಿನಿಂದ ಬಾಗಿಲು ತೆರೆಯುತ್ತಿತ್ತು.

ಕಮ್ಮಾರ ಇಕ್ಕಳವನ್ನು ಭಾವಮೈದುನನ ಕೈಗೆ ಕೊಟ್ಟು, ತಾನು ತಿದಿಯ ಬಳಿ ಕೂತ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಕೇಳಿದ: "ಆ ಹಳೆಯ ಕಿಟ್ಟವನ್ನು ಅವನು ಏನು ಮಾಡಿದ?"

"ಅವನದು ಇರಲಿ, ಹೋದ ವರ್ಷದ ಆ ಕಟುಮಾತನ್ನು ನೀನು ಇವತ್ತು ಬೆಳಿಗ್ಗೆಯೂ ಮನಸ್ಸಿನ ಮೂಸೆಗೆ ಹಾಕಿ ಕರಗಿಸಿದೆಯಲ್ಲ, ಏಕೆ?" ಎಂದರು ಗುರುಗಳು.